ಹಾಡಲು ಆಗದ ಆಗಮನಕಾಲ: ಹೇಗೆ ಕಳೆಯಲಿ?

ಉಡುಪಿಯ ಆಲ್ಟೊ | 2025 ಡಿಸೆಂಬರ್ 3

ಎಲ್ಲರಿಗೂ ಕರ್ತನ ಹೆಸರಿನಲ್ಲಿ ವಂದನೆಗಳು.

ನಾನು ಉಡುಪಿಯವಳು, ಸಿ.ಎಸ್.ಐ. ಎಂಬ ಪ್ರೊಟೆಸ್ಟಂಟ್ ಸಭೆಯವಳು. ಹದಿನಾಲ್ಕು ವರ್ಷದಿಂದ ಚರ್ಚಿನ ಹಾಡುವ ತಂಡದಲ್ಲಿ, ಅಂದರೆ ಕ್ವಾಯರಿನಲ್ಲಿ, ಆಲ್ಟೊ (ಹೆಂಗಸರ ಕೆಳದನಿ) ಹಾಡುತ್ತೇನೆ. ಕ್ರಿಸ್ಮಸ್‌ಗೆ ಮೊದಲಿನ ನಾಲ್ಕು ವಾರದ ಆಗಮನಕಾಲ ಎಂದರೆ ನನಗೆ ಓಡಾಟದ ಕಾಲ. ಕೆಲಸ ಮುಗಿಸಿ ಪ್ರಾಕ್ಟೀಸ್, ಆಮೇಲೆ ಕ್ರಿಸ್ಮಸ್ ಹಾಡು ಹಾಡುತ್ತಾ ಮನೆಮನೆಗೆ ಕ್ಯಾರಲ್ ರೌಂಡ್ಸ್. ರಾತ್ರಿ ಹನ್ನೊಂದಕ್ಕೆ ಯಾರದೋ ಜಗಲಿಯಲ್ಲಿ ಕೇಕ್, ಬಿಸಿ ಕಾಫಿ. ಗಂಟಲು ಕಟ್ಟಿದರೂ ಬಿಡುತ್ತಿರಲಿಲ್ಲ.

ಈ ಸಲ ಮಲಗಿದ್ದೇನೆ. ಇವತ್ತಿಗೆ 32 ವಾರದ ಬಸುರಿ. ಮಾಸು (ಪ್ಲಾಸೆಂಟಾ) ಕೆಳಗಿದೆ, ಎರಡು ಸಲ ರಕ್ತ ಹೋಯಿತು. ಮೆಟ್ಟಿಲು ಹತ್ತಬಾರದು, ಜಾಸ್ತಿ ಹೊತ್ತು ನಿಲ್ಲಬಾರದು ಎಂದಿದ್ದಾರೆ ಡಾಕ್ಟರ್. ಇದಕ್ಕೆ ಮೊದಲು ಎರಡು ಮಕ್ಕಳು ಹೊಟ್ಟೆಯಲ್ಲೇ ಹೋದವು. ಡೇಟ್ ಕೊಟ್ಟಿರುವುದು ಜನವರಿ 28.

ಮೊನ್ನೆ ಭಾನುವಾರ ಚರ್ಚಿನಲ್ಲಿ ಆಗಮನಕಾಲದ ನಾಲ್ಕು ಬತ್ತಿಗಳಲ್ಲಿ ಮೊದಲ ಮೇಣದಬತ್ತಿ ಹಚ್ಚುವುದನ್ನು ನನ್ನವರು ವಿಡಿಯೋ ಕಾಲ್‌ನಲ್ಲಿ ತೋರಿಸಿದರು. ಅದು ನಿರೀಕ್ಷೆಯ ಬತ್ತಿ. ನಮ್ಮ ಬೈಬಲಿನಲ್ಲಿ ನಿರೀಕ್ಷೆ ಎಂದರೆ ಭರವಸೆ. ಮಾತಿನಲ್ಲಿ ಕಾಯುವುದಕ್ಕೂ ಅದೇ ಪದ, ಅಲ್ವಾ? ನನ್ನಲ್ಲಿ ಕಾಯುವುದೊಂದೇ ಉಳಿದಿದೆ. ಭರವಸೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಮಗು ಅರ್ಧ ಗಂಟೆ ಒದೆಯದಿದ್ದರೆ ಬೆವರುತ್ತೇನೆ. ನೋಡಲು ಬಂದವರೊಬ್ಬರು "ಬಸುರಿ ಮರಿಯಳ ಹಾಗೆ ಸಂತೋಷದಿಂದ ಇರಬೇಕು" ಎಂದರು. ಅವರು ಹೋದ ಮೇಲೆ ತುಂಬಾ ಅತ್ತೆ.

ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ. 25ನೇ ತಾರೀಕು ಎಲ್ಲರೂ "ಹುಟ್ಟಿದನು" ಎಂದು ಹಾಡುತ್ತಾರೆ. ಕಾಯುವುದು ಎಲ್ಲರಿಗೂ ಮುಗಿಯುತ್ತದೆ, ನನಗೆ ಮುಗಿಯುವುದಿಲ್ಲ. ಇಂಥ ಆಗಮನಕಾಲವನ್ನು ನೀವು ಯಾರಾದರೂ ಕಳೆದಿದ್ದೀರಾ?

ನಿವೃತ್ತ ಟೀಚರ್, ಮಂಗಳೂರು | ಡಿಸೆಂಬರ್ 3

ಮಗಾ, ಲೂಕನ ಸುವಾರ್ತೆ ಒಂದನೇ ಅಧ್ಯಾಯ ತೆಗಿ. ಮರಿಯಳ ಭಾಗ ಈಗ ಬೇಡ. 24ನೇ ವಚನ ನೋಡು. ಮರಿಯಳ ಬಂಧು ಎಲಿಸಬೇತಳು ಬಸುರಾದ ಮೇಲೆ ಐದು ತಿಂಗಳು ಮರೆಯಾಗಿದ್ದಳು ಎಂದಿದೆ. ಯಾಕೆ ಎಂದು ಲೂಕನು ಬಿಡಿಸಿ ಹೇಳುವುದಿಲ್ಲ. ವಯಸ್ಸಾದ ಹೆಂಗಸು, ಇಷ್ಟು ವರ್ಷ ಬಂಜೆ ಎನಿಸಿಕೊಂಡವಳು. ಹೆದರಿಕೆ ಇತ್ತೋ ಏನೋ, ನನಗಂತೂ ಇತ್ತು ಅನ್ನಿಸುತ್ತದೆ. ನನ್ನ ಎರಡನೆಯವನ ಸಮಯದಲ್ಲಿ ನಾನೂ ಐದು ತಿಂಗಳು ಒಂದೇ ಕೋಣೆಯಲ್ಲಿ ಇದ್ದೆ. ಆ ವಚನ ಆಗಲೇ ಕಣ್ಣಿಗೆ ಬಿದ್ದದ್ದು. ಅದಕ್ಕೆ ಮೊದಲು ಭಾನುವಾರದ ಶಾಲೆಯಲ್ಲಿ ಎಷ್ಟು ಸಲ ಕಲಿಸಿದ್ದೆನೋ!

ಆ ಮನೆಯಲ್ಲಿ ಗಂಡನಿಗೂ ಮಾತಿಲ್ಲ. ಜಕರೀಯನು ಯಾಜಕ. ಜನರ ಮುಂದೆ ಆಶೀರ್ವಾದ ಹೇಳಬೇಕಾದವನು ಮೂಕನಾಗಿ ಮನೆಗೆ ಬಂದ. ಹಲಗೆಯ ಮೇಲೆ ಮಗುವಿನ ಹೆಸರು ಬರೆದು ಕೊಟ್ಟ ಮೇಲೆಯೇ ಬಾಯಿ ಬಂತು. ಹಾಗಾಗಿ ನಿನ್ನ ಆಲ್ಟೊ ಒಂದು ವರ್ಷ ಸುಮ್ನೆ ಇದ್ದರೆ ಪರವಾಗಿಲ್ಲ.

ಎಲಿಸಬೇತಳನ್ನು ನೋಡಲು ಬಂದ ಮರಿಯಳು ಹಾಡಿದ್ದೂ ಆ ಮನೆಯೊಳಗೇ. ಕೇಳಲು ಸಭೆ ಇರಲಿಲ್ಲ, ಒಬ್ಬಳು ಬಸುರಿ ಇದ್ದಳು. ಅಲ್ಲಿಯೇ ಮೂರು ತಿಂಗಳು ಉಳಿದಳು. ನಿನ್ನ ಹತ್ತಿರ ಬಂದು ಕೂರುವವರು ಯಾರಾದರೂ ಇದ್ದಾರಾ? ಉಪದೇಶ ಮಾಡುವವರು ಬೇಡ. ಬಟ್ಟೆ ಮಡಚಿ, ಗಂಜಿ ಕಾಯಿಸಿ ಕೊಡುವವರು ಬೇಕು.

ಧಾರವಾಡದ ಓದುಗ | ಡಿಸೆಂಬರ್ 4

ಅಕ್ಕಾ, ನಿಮ್ಮ ಕಷ್ಟಕ್ಕಾಗಿ ಪ್ರಾರ್ಥಿಸುತ್ತಿದ್ದೇನೆ. ಒಂದು ಮಾತು ಬೇರೆ ಹೇಳಬೇಕು, ಕೋಪ ಮಾಡಿಕೊಳ್ಳಬೇಡಿ.

ಆಗಮನಕಾಲವನ್ನು ಹೆರಿಗೆಗೆ ಕಾಯುವ ಕಾಲವೆಂದು ಮಾತ್ರ ನೋಡಬಾರದು ಅನ್ನಿಸುತ್ತದೆ. ಯೇಸು ಬೇತ್ಲೆಹೇಮಿನಲ್ಲಿ ಒಮ್ಮೆ ಹುಟ್ಟಿ ಆಗಿದೆ. ಆತನು ಇನ್ನೂ ಹುಟ್ಟಿಲ್ಲ ಎಂಬಂತೆ ನಾಲ್ಕು ವಾರ ನಟಿಸುವುದು ಇದರ ಉದ್ದೇಶವಲ್ಲ. ಬಹಳ ಸಭೆಗಳಲ್ಲಿ ಈ ವರ್ಷದ ಮೊದಲ ಭಾನುವಾರ ಓದಿದ್ದು ಮತ್ತಾಯ 24. ಅಲ್ಲಿ ಗೋದಲಿಯೂ ಇಲ್ಲ, ಕುರುಬರೂ ಇಲ್ಲ. ನಿಮ್ಮ ಕರ್ತನು ಯಾವ ದಿನ ಬರುತ್ತಾನೋ ತಿಳಿಯದು, ಎಚ್ಚರವಾಗಿರಿ ಎಂಬ ಮಾತಿದೆ. ನಾವು ಕಾಯುವುದು ಆತನು ಮತ್ತೆ ಬರುವುದಕ್ಕೆ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಕೊನೆಯಲ್ಲಿ "ಮಾರನಾಥ" ಎಂಬ ಅರಮೇಯ ಮಾತನ್ನು ಹಾಗೇ ಬಿಟ್ಟಿದ್ದಾನೆ. ನಮ್ಮ ಕರ್ತನೇ ಬಾ, ಎಂದು.

ಹಾಗಾಗಿ 25ಕ್ಕೆ ಎಲ್ಲರಿಗೂ ಕಾಯುವುದು ಮುಗಿಯುತ್ತದೆ ಎಂದಿರಲ್ಲ, ಅದು ಸರಿಯಲ್ಲ. 26ರ ಬೆಳಿಗ್ಗೆಯೂ ಸಭೆ ಕಾಯುತ್ತಲೇ ಇರುತ್ತದೆ. ಉಳಿದವರು ಹಬ್ಬದ ಗದ್ದಲದಲ್ಲಿ ಅದನ್ನು ಮರೆಯುತ್ತೇವೆ. ನಿಮಗೆ ಈ ಸಲ ಮರೆಯಲು ಆಗುವುದಿಲ್ಲ, ಅಷ್ಟೇ.

ಬೆಳ್ತಂಗಡಿಯವ | ಡಿಸೆಂಬರ್ 5

ನಾವು ಕಥೋಲಿಕರು. ಮೂರನೇ ಭಾನುವಾರ, ಅಂದರೆ ಡಿಸೆಂಬರ್ 14ಕ್ಕೆ, ನೇರಳೆ ಬಿಟ್ಟು ಗುಲಾಬಿ ಬಣ್ಣದ ಬತ್ತಿ ಹಚ್ಚುತ್ತೇವೆ. ಸಂತೋಷದ ಭಾನುವಾರ ಎನ್ನುತ್ತೇವೆ. ಆದರೆ ಈ ವರ್ಷ ಅವತ್ತಿನ ಶುಭಸಂದೇಶ ಜೈಲಿನ ಕಥೆ. ಸ್ನಾನಿಕ ಯೊವಾನ್ನ ಹೆರೋದನ ಸೆರೆಯಲ್ಲಿದ್ದಾನೆ. ಬರಬೇಕಾದವನು ನೀನೇನೋ, ನಾವು ಬೇರೆಯವನಿಗೆ ಕಾಯಬೇಕೋ ಎಂದು ಶಿಷ್ಯರ ಕೈಯಲ್ಲಿ ಯೇಸುವನ್ನು ಕೇಳಿಸುತ್ತಾನೆ. ತಾಯಿ ಎಲಿಸಬೇತಳ ಹೊಟ್ಟೆಯಲ್ಲೇ ಯೇಸುವನ್ನು ಗುರುತಿಸಿ ಕುಣಿದ ಮಗು ಇದೇ ಯೊವಾನ್ನ! ಅವನಿಗೇ ಸಂಶಯ ಬಂತು. ಯೇಸು ಬೈಯಲಿಲ್ಲ. ಸ್ತ್ರೀಯರಲ್ಲಿ ಹುಟ್ಟಿದವರಲ್ಲಿ ಇವನಿಗಿಂತ ದೊಡ್ಡವರಿಲ್ಲ ಎಂದ. ಹೆದರಿಕೆಯಾದರೆ ಹೆದರಿಕೆ ಎಂದೇ ದೇವರಿಗೆ ಹೇಳಿ ಅಕ್ಕ.

ಮಲಗಿದಲ್ಲೇ ಮಾಡುವ ಒಂದು ಕೆಲಸ ಹೇಳುತ್ತೇನೆ. ನಮ್ಮ ಮನೆಯಲ್ಲಿ ಕ್ರಿಸ್ಮಸ್‌ಗೆ ಕಟ್ಟುವ ಗೋದಲಿಗೆ ಹುಲ್ಲು ತರುವುದಿಲ್ಲ, ರಾಗಿ ಬಿತ್ತುತ್ತೇವೆ. ಅಗಲದ ತಟ್ಟೆಗೆ ಎರಡು ಬೆರಳು ಮಣ್ಣು ಹಾಕಿ, ರಾತ್ರಿ ನೆನೆಸಿದ ರಾಗಿಯನ್ನು ಒತ್ತಾಗಿ ಚೆಲ್ಲಿ. ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ನೀರು ಚಿಮುಕಿಸಿ. ಒಂದೆರಡು ದಿನ ಏನೂ ಕಾಣುವುದಿಲ್ಲ. ಸಣ್ಣವನಿದ್ದಾಗ ನಾನು ಮೊಳೆತಿದೆಯೋ ಎಂದು ಬೆರಳಿಂದ ಕೆದಕಿ ನೋಡುತ್ತಿದ್ದೆ, ಅಮ್ಮ ಕೈಗೆ ಹೊಡೆಯುತ್ತಿದ್ದರು. ಕೆದಕಿದ ಜಾಗ ಬೋಳಾಗಿಯೇ ಉಳಿಯುತ್ತಿತ್ತು. 14ಕ್ಕೆ ಬಿತ್ತಿದರೆ ಕ್ರಿಸ್ಮಸ್ ಹೊತ್ತಿಗೆ ಬಾಲಯೇಸುವಿನ ಸುತ್ತ ಹಸಿರು ಬರುತ್ತದೆ.

ನಿವೃತ್ತ ಟೀಚರ್, ಮಂಗಳೂರು | ಡಿಸೆಂಬರ್ 5

ಧಾರವಾಡದ ತಮ್ಮ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಆಗಮನಕಾಲದ ಬತ್ತಿಯ ಚಕ್ರ ಶುರುವಾದದ್ದು ಜರ್ಮನಿಯ ಹ್ಯಾಂಬರ್ಗಿನಲ್ಲಿ, 1839ರಲ್ಲಿ. ಬಾಸೆಲ್ ಮಿಷನ್‌ನವರು ನಮ್ಮ ಮಂಗಳೂರಿಗೆ ಬಂದು ಆಗ ಐದು ವರ್ಷ ಆಗಿತ್ತು. ವಿಖರ್ನ್ ಎಂಬ ಬೋಧಕರು ಬಡಮಕ್ಕಳಿಗೆ ಆಶ್ರಮ ನಡೆಸುತ್ತಿದ್ದರು. ಕ್ರಿಸ್ಮಸ್ ಯಾವಾಗ, ಯಾವಾಗ ಎಂದು ಮಕ್ಕಳು ಕೇಳುತ್ತಿದ್ದರಂತೆ. ಅವರಿಗಾಗಿ ಮರದ ಚಕ್ರದ ಮೇಲೆ ನಾಲ್ಕು ಭಾನುವಾರಕ್ಕೆ ನಾಲ್ಕು ದೊಡ್ಡ ಬತ್ತಿ, ವಾರದ ದಿನಗಳಿಗೆ ಚಿಕ್ಕ ಬತ್ತಿ ಇಟ್ಟರು. ದಿನಕ್ಕೊಂದು. ನೀನೂ ದಿನಕ್ಕೊಂದು ಹಚ್ಚು. ಮೂವತ್ತು ದಿನದ್ದನ್ನು ಇವತ್ತೇ ಯೋಚಿಸಬೇಡ.

ಉಡುಪಿಯ ಆಲ್ಟೊ | ಡಿಸೆಂಬರ್ 15

ಎಲ್ಲರಿಗೂ ತುಂಬಾ ಧನ್ಯವಾದಗಳು. ಎಲ್ಲವನ್ನೂ ನನ್ನವರ ಹತ್ತಿರ ಜೋರಾಗಿ ಓದಿಸಿ ಕೇಳಿದೆ.

ಟೀಚರಮ್ಮ, ನೀವು ಬರೆದ ಮೇಲೆ ಕ್ವಾಯರಿನ ಗೆಳತಿಗೆ ಫೋನ್ ಮಾಡಿ ಬಾ ಎಂದೆ. ಇಷ್ಟು ದಿನ ನಾನೇ ಯಾರನ್ನೂ ಕರೆದಿರಲಿಲ್ಲ. ಅವಳು ದಿನಾ ಮಧ್ಯಾಹ್ನ ಬರುತ್ತಾಳೆ. ಹೆಚ್ಚು ಮಾತಾಡುವುದಿಲ್ಲ, ಮೀನು ಹುರಿದು ತರುತ್ತಾಳೆ.

ಧಾರವಾಡದ ತಮ್ಮಾ, ಕೋಪ ಇಲ್ಲ. ಮೊದಲು ಓದಿದಾಗ ಸ್ವಲ್ಪ ನೋವಾಯಿತು, ನಿಜ. ಆದರೆ ರಾತ್ರಿ ನಿದ್ದೆ ಬಾರದಾಗ ನೆನಪಾದದ್ದು ನಿಮ್ಮ ಮಾತೇ. 26ರ ಬೆಳಿಗ್ಗೆ ನಾನು ಒಬ್ಬಳೇ ಇರುವುದಿಲ್ಲವಲ್ಲ! ಚಿಕ್ಕ ಬತ್ತಿಗಳ ಡಬ್ಬ ಒಂದೇ ಸಾಲದು ಎಂದು ನನ್ನವರು ಇನ್ನೊಂದು ತಂದರು. 25ಕ್ಕೆ ನಿಲ್ಲಿಸುವುದಿಲ್ಲ, ಜನವರಿ 28ರ ತನಕ ಹಚ್ಚುತ್ತೇವೆ.

ನಿನ್ನೆ ರಾಗಿ ಬಿತ್ತಿದೆವು. ತಟ್ಟೆ ನನ್ನ ಮಂಚದ ಪಕ್ಕದ ಸ್ಟೂಲಿನ ಮೇಲಿದೆ. ಇನ್ನೂ ಬರೀ ಮಣ್ಣು. ಕೆದಕಿಲ್ಲ.

34 ವಾರದ ಸ್ಕ್ಯಾನಿಂಗ್ ಬುಧವಾರ. ಶುಕ್ರವಾರ ರಾತ್ರಿ ಕ್ಯಾರಲ್ ತಂಡ ನಮ್ಮ ಮನೆಗೆ ಬರುತ್ತದಂತೆ. ಕಿಟಕಿ ತೆರೆದಿಡಲು ಹೇಳಿದ್ದೇನೆ. ಗಂಟಲು ಬಂದರೆ ಮಲಗಿದಲ್ಲಿಂದಲೇ ಆಲ್ಟೊ ಸೇರಿಸುತ್ತೇನೆ.