ಒಬ್ಬರ ಹೆಸರಿನ ಮ್ಯಾಟ್‌ಲ್ಯಾಬ್ ಲೈಸೆನ್ಸನ್ನು ಲ್ಯಾಬಿನವರೆಲ್ಲ ಬಳಸಬಹುದಾ?

ಇಸಿಜಿ_ಹುಡುಗಿ
ನಮಸ್ಕಾರ. ನಾನು ಎಲೆಕ್ಟ್ರಾನಿಕ್ಸ್ ಪಿಎಚ್‌ಡಿ ಎರಡನೇ ವರ್ಷ, ಇಸಿಜಿ (ಹೃದಯ ಬಡಿತದ) ಸಿಗ್ನಲ್ ಮೇಲೆ ಕೆಲಸ. ನಮ್ಮ ಗೈಡ್ ಪ್ರಾಜೆಕ್ಟ್ ದುಡ್ಡಲ್ಲಿ ಮ್ಯಾಟ್‌ಲ್ಯಾಬ್ ಅನ್ನುವ ಲೆಕ್ಕಾಚಾರದ ಸಾಫ್ಟ್‌ವೇರಿಗೆ ಒಂದು ಇಂಡಿವಿಜುಯಲ್ ಲೈಸೆನ್ಸ್ ತೆಗೆದುಕೊಂಡಿದ್ದರು. ಅದು ಆಗ ಇದ್ದ ಸೀನಿಯರ್ ಅಕ್ಕನ ಹೆಸರಿನಲ್ಲಿದೆ, ಅವರು ಥೀಸಿಸ್ ಕೊಟ್ಟು ಹೋಗಿ ಆರು ತಿಂಗಳಾಯಿತು. ಈಗ ನಾವು ನಾಲ್ಕು ಜನ ಅದೇ ಪಿಸಿಯಲ್ಲಿ ಸರದಿ ಮೇಲೆ ಬಳಸುತ್ತಿದ್ದೇವೆ, ರಾತ್ರಿ ಹಾಸ್ಟೆಲಿನಿಂದ ರಿಮೋಟ್ ಲಾಗಿನ್ ಕೂಡ. ಒಂದು ಸಲಕ್ಕೆ ಒಬ್ಬರೇ ತಾನೇ, ತಪ್ಪಿಲ್ಲ ಅಂದುಕೊಂಡಿದ್ದೆ. ಪೇಪರಿನಲ್ಲಿ ಸಾಫ್ಟ್‌ವೇರ್ ಹೆಸರು ಬರೆಯುವಾಗ ಭಯ ಶುರುವಾಯಿತು. ಜೂನಿಯರ್ ಒಬ್ಬ ಕ್ರ್ಯಾಕ್ (ಲೈಸೆನ್ಸ್ ಇಲ್ಲದೆ ಓಡುವ ಕಳ್ಳ ಪ್ರತಿ) ಹಾಕೋಣ ಅನ್ನುತ್ತಿದ್ದಾನೆ, ನನಗೆ ಅದು ಬೇಡ. ಗೈಡ್ ಹತ್ತಿರ ಏನಂತ ಕೇಳಲಿ?

ಸಿಸ್ಟಮ್_ರೂಮ್
ಕೇಳಿದ್ದು ಒಳ್ಳೆಯದಾಯಿತಮ್ಮ. ಎಲ್ಲರೂ ಎಡವುವುದು ಇಲ್ಲೇ. ‘ಒಂದು ಸಲಕ್ಕೆ ಒಬ್ಬರು’ ಬೇರೆ, ‘ಒಬ್ಬರೇ ಒಬ್ಬರು’ ಬೇರೆ. ಇಂಡಿವಿಜುಯಲ್ ಅಂದರೆ ಹೆಸರು ಬರೆಸಿದ ಆ ಒಬ್ಬರು ಮಾತ್ರ. ಅವರು ಊಟಕ್ಕೆ ಹೋಗಿದ್ದಾಗಲೂ ಪಕ್ಕದವರು ಕೂರುವ ಹಾಗಿಲ್ಲ. ನೀವು ಅಂದುಕೊಂಡಿರುವುದು ಡೆಸಿಗ್ನೇಟೆಡ್ ಕಂಪ್ಯೂಟರ್ ಅನ್ನುವ ಬೇರೆ ಬಗೆ, ಅದು ಮನುಷ್ಯನಿಗಲ್ಲ, ಯಂತ್ರಕ್ಕೆ ಕಟ್ಟಿದ್ದು. ಅದರಲ್ಲಿ ಕೂಡ ರಿಮೋಟ್ ಲಾಗಿನ್ ನಡೆಯುತ್ತದಾ ಅಂತ ಕೊಳ್ಳುವ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ. ನಾಲ್ಕು ಜನ, ಹಾಸ್ಟೆಲಿನಿಂದಲೂ ಬೇಕು ಅಂದರೆ ಕನ್‌ಕರೆಂಟ್ ಅನ್ನುವ ಬಗೆ ಸರಿ: ಸರ್ವರಿನಲ್ಲಿ ಕೀ ಇರುತ್ತದೆ, ಇರುವ ಕೀಗಳನ್ನೆಲ್ಲ ಬೇರೆಯವರು ತೆಗೆದುಕೊಂಡಿದ್ದರೆ ಉಳಿದವರು ಕಾಯಬೇಕು. ಟೂಲ್‌ಬಾಕ್ಸಿಗೂ (ಒಂದೊಂದು ಕೆಲಸಕ್ಕೆ ಬೇರೆಯಾಗಿ ಕೊಳ್ಳುವ ಸೇರ್ಪಡೆ) ಬೇರೆ ಬೇರೆ ಕೀ, ಅದನ್ನು ಮರೆತು ಬರೀ ಮ್ಯಾಟ್‌ಲ್ಯಾಬ್ ಮಾತ್ರ ಜಾಸ್ತಿ ಕೊಂಡರೆ ಸಿಗ್ನಲ್ ಟೂಲ್‌ಬಾಕ್ಸ್ ಹತ್ತಿರ ಕ್ಯೂ ನಿಲ್ಲುತ್ತೀರಿ.

ಮೊದಲು ಮಾಡಬೇಕಾದ್ದು: ಲೈಸೆನ್ಸ್ ಅಡ್ಮಿನಿಸ್ಟ್ರೇಟರ್ ಯಾರು ಅಂತ ಗೈಡ್ ಹತ್ತಿರ ಕೇಳಿ. ಬಳಕೆದಾರರ ಹೆಸರು ಬದಲಾಯಿಸಲು ಅವರಿಗೆ ದಾರಿ ಇದೆ, ಅಕ್ಕನ ಬದಲು ನಿಮ್ಮ ಹೆಸರು ಹಾಕಿಸಬಹುದು. ದಿನಾ ಬದಲಾಯಿಸುತ್ತಾ ಕೂರುವುದಕ್ಕಲ್ಲ ಮತ್ತೆ. ಯೂನಿವರ್ಸಿಟಿ ಕಂಪ್ಯೂಟರ್ ಸೆಂಟರಿನಲ್ಲೂ ವಿಚಾರಿಸಿ. ಇಡೀ ಯೂನಿವರ್ಸಿಟಿಗೆ ಅನ್ವಯಿಸುವ ಕ್ಯಾಂಪಸ್‌ವೈಡ್ ಲೈಸೆನ್ಸ್ ಇದ್ದರೂ ಡಿಪಾರ್ಟ್‌ಮೆಂಟಿಗೆ ಗೊತ್ತೇ ಇಲ್ಲದ್ದನ್ನು ನಾನು ನೋಡಿದ್ದೇನೆ.

ಕಾನೂನು_ಓದುಗ
ಕ್ರ್ಯಾಕ್ ಅನ್ನುವ ತಮ್ಮನಿಗೆ ಇದನ್ನು ತೋರಿಸಿ. 1957ರ ಕಾಪಿರೈಟ್ ಕಾಯ್ದೆಯ 63ಬಿ ಸೆಕ್ಷನ್: ಕಳ್ಳ ಪ್ರತಿ ಅಂತ ಗೊತ್ತಿದ್ದೂ ಪ್ರೋಗ್ರಾಂ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ವ್ಯಾಪಾರಕ್ಕಲ್ಲದಿದ್ದರೆ ಕೋರ್ಟು ಜೈಲು ಬಿಟ್ಟು 50,000ದವರೆಗಿನ ದಂಡಕ್ಕೆ ನಿಲ್ಲಿಸಬಹುದು. ಸ್ಟೈಪೆಂಡ್ ನಂಬಿ ಬದುಕುವವರಿಗೆ ಅದೇನು ಕಡಿಮೆಯಾ?

ಆಕ್ಟೇವ್_ಮೇಷ್ಟ್ರು
ಇಸಿಜಿ ಫಿಲ್ಟರ್ ಮಾಡುವುದಕ್ಕೆ ಮ್ಯಾಟ್‌ಲ್ಯಾಬಿನಂಥದ್ದೇ ಆದ ಜಿಎನ್‌ಯು ಆಕ್ಟೇವ್ ನೋಡಿದ್ದೀರಾ? ಜಿಪಿಎಲ್ ಅನ್ನುವ ಮುಕ್ತ ಲೈಸೆನ್ಸ್, ನಾಲ್ಕಲ್ಲ ನಲವತ್ತು ಪಿಸಿಗೆ ಹಾಕಿ, ಯಾರನ್ನೂ ಕೇಳಬೇಕಿಲ್ಲ. ಇದು ಹುಟ್ಟಿದ್ದೇ ಕೆಮಿಕಲ್ ರಿಯಾಕ್ಟರ್ ಪಾಠ ಓದುವ ವಿದ್ಯಾರ್ಥಿಗಳಿಗಾಗಿ. ಜಾನ್ ಈಟನ್ 1992ರಲ್ಲಿ ಪೂರ್ತಿಯಾಗಿ ಕೂತು ಬರೆಯಲು ಶುರು ಮಾಡಿದರು, ತಮ್ಮ ಮೇಷ್ಟ್ರು ಆಕ್ಟೇವ್ ಲೆವೆನ್‌ಸ್ಪೀಲ್ ಅವರ ಹೆಸರಿಟ್ಟರು. ನಾನೂ ಮೇಷ್ಟ್ರು, ಹಾಗಾಗಿ ಅದು ನನಗೆ ತುಂಬಾ ಇಷ್ಟದ ವಿಷಯ. ಸಿಗ್ನಲ್ ಪ್ಯಾಕೇಜ್ ತೆರೆಯಲು ‘ಪಿಕೆಜಿ ಲೋಡ್ ಸಿಗ್ನಲ್’ ಅಂತ ಹೊಡೆಯುವುದನ್ನು ಮರೆಯಬೇಡಿ. ಸಿಮುಲಿಂಕ್ (ಮ್ಯಾಟ್‌ಲ್ಯಾಬಿನ ಜೊತೆಗಿನ, ಬ್ಲಾಕ್ ಚಿತ್ರ ಜೋಡಿಸಿ ಸಿಮ್ಯುಲೇಶನ್ ಮಾಡುವ ಸಾಫ್ಟ್‌ವೇರ್) ಬೇಕಾದರೆ ಮಾತ್ರ ಇದರಲ್ಲಿ ಆಗುವುದಿಲ್ಲ. ಅಂಥ ಕೆಲಸಕ್ಕೆ ಸೈಲ್ಯಾಬ್ ಅನ್ನುವ ಇನ್ನೊಂದು ಮುಕ್ತ ಸಾಫ್ಟ್‌ವೇರಿನ ಎಕ್ಸ್‌ಕಾಸ್ ಇದೆ, ಮುಕ್ತ ಸಾಫ್ಟ್‌ವೇರ್ ಹರಡುವ ಐಐಟಿ ಬಾಂಬೆಯ ಫಾಸೀ ತಂಡ ಅದನ್ನು ಕಲಿಸುವ ಕೆಲಸ ಚೆನ್ನಾಗಿ ಮಾಡಿದೆ.

ಇಸಿಜಿ_ಹುಡುಗಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಿಮೋಟ್ ಲಾಗಿನ್ ಇವತ್ತೇ ತೆಗೆಸಿದೆ. ಆಕ್ಟೇವ್ ಹಾಕಿ ನೋಡಿದೆ ಸರ್, ನನ್ನ ಕೋಡಿನ ಫಿಲ್ಟರ್ ಫಂಕ್ಷನ್‌ಗಳಾದ ಬಟರ್, ಫಿಲ್ಟ್‌ಫಿಲ್ಟ್ ಎರಡೂ ಹಾಗೇ ಓಡಿದವು, ಗ್ರಾಫ್ ಕೂಡ ಹಳೆಯದಕ್ಕೆ ಸರಿಹೊಂದಿತು. ನಾವು ಮೂವರು ಇದರಲ್ಲೇ ಮಾಡುತ್ತೇವೆ. ಸಿಮುಲಿಂಕ್ ಬೇಕಿರುವುದು ಜೂನಿಯರಿಗೆ ಮಾತ್ರ, ಲೈಸೆನ್ಸ್ ಅವನ ಹೆಸರಿಗೆ ಮಾಡಿಸಿಕೊಡಿ ಅಂತ ಸೋಮವಾರ ಗೈಡ್ ಹತ್ತಿರ ಹೋಗುತ್ತಿದ್ದೇನೆ.