ಅಪ್ಪನ ಟ್ರಂಕಿನಲ್ಲಿ ಸಿಕ್ಕ ಹಳೇ ವಿಮಾನ, ಇಂಜಿನ್ ತಿರುಗುತ್ತಿಲ್ಲ

ನವನಗರದ ಮಗಳು, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಅಪ್ಪ ತೀರಿಕೊಂಡು ಎಂಟು ತಿಂಗಳಾಯಿತು. ಮೊನ್ನೆ ಅಟ್ಟದಿಂದ ಟ್ರಂಕ್ ಇಳಿಸಿದಾಗ ಹಳೇ ಸೀರೆಯಲ್ಲಿ ಸುತ್ತಿಟ್ಟ ಮಾದರಿ ವಿಮಾನ ಸಿಕ್ಕಿತು. ರೆಕ್ಕೆ ಎರಡು ಮೊಳ ಉದ್ದ. ಮೂತಿಯಲ್ಲಿ ಮುಷ್ಟಿಗಿಂತ ಚಿಕ್ಕ ಇಂಜಿನ್. ಅದಕ್ಕೆ ಪ್ಲಗ್ ಇಲ್ಲ, ತಲೆ ಮೇಲೆ ಟಿ ಆಕಾರದ ಸ್ಕ್ರೂ ಇದೆ. ಎಡ ರೆಕ್ಕೆಯ ತುದಿಯಿಂದ ಎರಡು ತಂತಿ ಹೊರಗೆ ಬಂದಿವೆ. ಅಪ್ಪ ಬೆಂಗಳೂರಿನಲ್ಲಿ ಓದುವಾಗ ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದರಂತೆ, ಅಮ್ಮ ಹೇಳಿದರು.

ಫ್ಯಾನ್ ಒಂಚೂರೂ ತಿರುಗುವುದಿಲ್ಲ. ಇಕ್ಕಳ ಹಾಕಿ ತಿರುಗಿಸೋಣ ಅಂತಾನೆ ಮಗ. 12 ವರ್ಷ ಅವನಿಗೆ, ಹಾರಿಸಲೇಬೇಕು ಅಂತ ಹಟ. ಮನೆಯವರು ಶೋಕೇಸಿನಲ್ಲಿ ಇಟ್ಟುಬಿಡು ಅಂತಾರೆ. ತಿಳಿದವರು ಹೇಳಿ.

ಹಳೇ ಕೈ, ವಿಜಯಪುರ

ತಂಗೀ, ಮೊದಲು ಹುಡುಗನ ಕೈಯಿಂದ ಆ ಇಕ್ಕಳ ಕಸಿದುಕೋ.

ನನಗೀಗ 71. ನಾಲ್ಕನೇ ಇಯತ್ತೆಯಲ್ಲಿ ಜೋಳದ ದಂಟಿನ ಬೆಂಡಿನಿಂದ ಮೊದಲ ವಿಮಾನ ಮಾಡಿದೆ. ಇವತ್ತಿಗೂ ಮಾಡುತ್ತಿದ್ದೇನೆ. ನಿಮ್ಮ ಅಪ್ಪನದು ಕಂಟ್ರೋಲ್ ಲೈನ್ ವಿಮಾನ. ಹಾರಿಸುವವನು ಹಿಡಿಕೆ ಹಿಡಿದು ನಡುವೆ ನಿಂತು ತಿರುಗುತ್ತಾನೆ, ವಿಮಾನ ಸುತ್ತಲೂ ಹಾರುತ್ತದೆ. ಆ ಎರಡು ತಂತಿಯಿಂದಲೇ ಬಾಲ ಮೇಲೆ ಕೆಳಗೆ ಆಗುವುದು.

ಇಂಜಿನ್ ಸತ್ತಿಲ್ಲ ಅಂತ ನನ್ನ ಅಂದಾಜು. ಇದನ್ನು ಡೀಸೆಲ್ ಇಂಜಿನ್ ಅಂತಾರೆ, ಆದರೆ ಬಂಕಿನ ಡೀಸೆಲ್ ಹಾಕುವುದಿಲ್ಲ. ಈಥರ್, ಸೀಮೆಎಣ್ಣೆ, ಔಡಲೆಣ್ಣೆ ಹೆಚ್ಚುಕಡಿಮೆ ಸಮಪಾಲು. ಕಿಡಿ ಬೇಡ, ಒತ್ತಡದ ಬಿಸಿಗೇ ಈಥರ್ ಹೊತ್ತಿಕೊಳ್ಳುತ್ತದೆ. ಒತ್ತಡ ಹೆಚ್ಚು ಕಡಿಮೆ ಮಾಡಲಿಕ್ಕೇ ಆ ಟಿ ಸ್ಕ್ರೂ. ಒಳಗೆ ಉಳಿದ ಔಡಲೆಣ್ಣೆ ವರ್ಷಗಟ್ಟಲೆ ಬಿದ್ದರೆ ಕಂದು ಅಂಟಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಇಕ್ಕಳ ಹಾಕಿದರೆ ಕನೆಕ್ಟಿಂಗ್ ರಾಡ್ ಮುರಿಯುತ್ತದೆ.

ಇಂಜಿನ್ನನ್ನು ವಿಮಾನದಿಂದ ಬಿಚ್ಚು. ಟಿ ಸ್ಕ್ರೂ ಎರಡು ಸುತ್ತು ಸಡಿಲ ಮಾಡು. ಕೂದಲು ಒಣಗಿಸುವ ಡ್ರೈಯರ್‌ನಿಂದ ಕೈಗೆ ಹಿಡಿಯಲಾಗದಷ್ಟು ಬಿಸಿ ಮಾಡು. ಹೊಗೆ ಹೋಗುವ ಕಿಂಡಿಯಲ್ಲಿ ನಾಲ್ಕು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡು. ರಾತ್ರಿ ಹಾಗೇ ಇಡು. ಬೆಳಿಗ್ಗೆ ಮತ್ತೆ ಬಿಸಿ ಮಾಡಿ, ಬಟ್ಟೆಯಲ್ಲಿ ಹಿಡಿದು ಫ್ಯಾನನ್ನು ಹಿಂದೆ ಮುಂದೆ ಮೆಲ್ಲಗೆ ಅಲುಗಿಸು. ಬಿಡಲಿಲ್ಲ ಅಂದರೆ ಇನ್ನೊಂದು ದಿನ. ಜೋರು ಮಾಡಬೇಡ.

ಟಿಳಕವಾಡಿ ಹಾರಾಟ, ಬೆಳಗಾವಿ

ಕಾಕಾ ಹೇಳಿದ್ದು ಸರಿ. ನನ್ನದೊಂದು ಮಾತು: ಆ ರೆಕ್ಕೆಯನ್ನು ಹಾರಿಸಬೇಡಿ ಅಕ್ಕಾ. ಅಷ್ಟು ಹಳೇ ಬಾಲ್ಸಾ (ಹಗುರ ಕಟ್ಟಿಗೆ) ಮತ್ತು ಅಂಟು ಎರಡೂ ಒಣಗಿ ಪುಡಿಯಾಗಿರುತ್ತವೆ. ನಾನು ಬ್ಯಾಟರಿಯ ಫೋಮ್ ವಿಮಾನ ಹಾರಿಸುವವನು, ಹುಡುಗನಿಗೆ ಅದೇ ಸುಲಭ. ಅದರ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಮಾತ್ರ ಚಾರ್ಜಿಗೆ ಹಾಕಿ ಮಲಗಬಾರದು, ಬೆಂಕಿ ಹತ್ತಬಹುದು. ರಿಮೋಟಿನದು ತಂದರೆ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ಮೊದಲು ನೋಡಿ. ನಮ್ಮಲ್ಲಿ ಸಾಂಬ್ರಾ ಏರ್‌ಪೋರ್ಟ್ ಇದೆ, ಅದಕ್ಕೇ ನಾವು ಊರಿಂದ ದೂರ ಹೋಗುತ್ತೇವೆ. ನಕ್ಷೆಯಲ್ಲಿ ಅನುಮತಿ ಬೇಡದ ಹಸಿರು ವಲಯದಲ್ಲೂ 400 ಅಡಿ ದಾಟುವಂತಿಲ್ಲ.

ಹಳೇ ಕೈ, ವಿಜಯಪುರ

ರೆಕ್ಕೆ ವಿಷಯದಲ್ಲಿ ತಮ್ಮ ಹೇಳಿದ್ದು ಒಪ್ಪಿದೆ. ಅದು ಗೋಡೆ ಮೇಲಿರಲಿ. ಇಂಜಿನ್ನಿಗೆ ಹೊಸ ಮೈ ಕಟ್ಟೋಣ.

ಆದರೆ ಹುಡುಗ ಮೊದಲು ಕೈಯಿಂದ ಎಸೆಯುವ ಗ್ಲೈಡರ್ ಮಾಡಲಿ. ರೆಕ್ಕೆಯ ಅಗಲದಲ್ಲಿ ಮುಂದಿನಿಂದ ಮೂರನೇ ಒಂದು ಭಾಗದ ಹತ್ತಿರ ಎರಡು ಬೆರಳ ಮೇಲೆ ನಿಲ್ಲಿಸಿ ನೋಡಲಿ. ಬಾಲ ಇಳಿದರೆ ಮೂತಿಗೆ ಒಂಚೂರು ಜೇಡಿಮಣ್ಣು. ಇಷ್ಟು ಕೈಗೆ ಹತ್ತಿದರೆ ಮುಂದೆ ಯಾವ ವಿಮಾನವಾದರೂ ಅವನ ಮಾತು ಕೇಳುತ್ತದೆ. ಕೊಂಡು ತಂದ ವಿಮಾನ ಹಾರಿಸುವವನಿಗೆ ಬಿದ್ದದ್ದು ಯಾಕೆ ಅಂತ ಗೊತ್ತಾಗುವುದಿಲ್ಲ.

ಬಿಳಿಜೋಳ ಕೊಯ್ದ ಮೇಲೆ ನಮ್ಮ ಯರಿ ಹೊಲಗಳಷ್ಟು ಒಳ್ಳೆ ಮೈದಾನ ಇಲ್ಲ. ಬೆಳಿಗ್ಗೆ ಎಂಟರೊಳಗೆ ಗಾಳಿ ನಿಂತಿರುತ್ತದೆ. ಹತ್ತರ ಮೇಲೆ ಕರಿ ನೆಲ ಕಾದು ಬಿಸಿಗಾಳಿ ಏಳುತ್ತದೆ. ಹದ್ದು ರೆಕ್ಕೆ ಬಡಿಯದೆ ಸುತ್ತುತ್ತಿದ್ದರೆ ಅಲ್ಲೇ ಅದು ಏಳುತ್ತಿದೆ ಅಂತ ತಿಳಿ. ಒಂದು ಸಲ ಎರಡು ತಿಂಗಳು ಕೂತು ಕಟ್ಟಿದ ದೊಡ್ಡ ಗ್ಲೈಡರ್ ಆ ಗಾಳಿಗೆ ಸಿಕ್ಕಿತು. ಬಾಲಕ್ಕೆ ಹೊಸೆದ ಬತ್ತಿ ಕಟ್ಟಿದ್ದೆ. ಅದು ಉರಿದು ರಬ್ಬರ್ ಬ್ಯಾಂಡ್ ಕಡಿಯಬೇಕು, ಆಗ ಬಾಲ ಮೇಲೆದ್ದು ವಿಮಾನ ನಿಧಾನಕ್ಕೆ ಇಳಿಯಬೇಕು. ಬತ್ತಿ ನಡುವೆಯೇ ಆರಿತು. ಕತ್ತೆತ್ತಿ ನೋಡುತ್ತಾ ನಿಂತೆ. ಅದು ಅಕ್ಕಿಕಾಳಿನಷ್ಟಾಯಿತು, ಆಮೇಲೆ ಕಾಣಲೇ ಇಲ್ಲ. ಮೂರನೇ ದಿನ ಕುರಿ ಕಾಯುವ ಅಜ್ಜ ಕಂಬಳಿಯಲ್ಲಿ ಸುತ್ತಿ ತಂದುಕೊಟ್ಟ. ಒಂದು ಕಡ್ಡಿ ಮುರಿದಿರಲಿಲ್ಲ. ಅದರ ಮೇಲೆ ನನ್ನ ವಿಳಾಸ ಬರೆದಿದ್ದೆ. ಹುಡುಗನಿಗೆ ಇದನ್ನೂ ಹೇಳು, ವಿಳಾಸ ಬರೆಯದೆ ಎಸೆಯಬಾರದು.

ನವನಗರದ ಮಗಳು, ಬಾಗಲಕೋಟೆ

ಕಾಕಾ, ತಿರುಗಿತು! ಮೂರನೇ ದಿನ ಬೆಳಿಗ್ಗೆ. ಮೊದಲು ಕೂದಲೆಳೆಯಷ್ಟು ಅಲುಗಿತು, ಆಮೇಲೆ ಅರ್ಧ ಸುತ್ತು. ಕಿಂಡಿಯಿಂದ ಚಹಾದ ಬಣ್ಣದ ಎಣ್ಣೆ ಬಂತು. ಈಗ ತಿರುಗಿಸಿದರೆ ಒಳಗೆ ಚಪ್ ಅಂತ ಸದ್ದು ಬರುತ್ತದೆ. ಅಮ್ಮ ಅಡುಗೆಮನೆಯಿಂದ ಬಂದು ಮಾತಾಡದೆ ಅದನ್ನು ಕೈಯಲ್ಲಿ ಹಿಡಿದುಕೊಂಡು ಕೂತರು. ಮಗ ದಂಟು ಸೀಳುತ್ತಿದ್ದಾನೆ. ಈಥರ್ ಎಲ್ಲಿ ಸಿಗುತ್ತೆ?

ಹಳೇ ಕೈ, ವಿಜಯಪುರ

ಚಪ್ ಅಂದರೆ ಒತ್ತಡ ಚೆನ್ನಾಗಿದೆ ತಂಗೀ. ಈಥರ್ ನೀನು ಹುಡುಕಬೇಡ, ಅದರ ಆವಿ ಕಿಡಿಗೆ ಭಗ್ ಅನ್ನುತ್ತದೆ. ಇಂಜಿನ್ ಚಾಲೂ ಮಾಡುವಾಗ ಫ್ಯಾನ್ ಬೆರಳು ಕೊಯ್ಯುತ್ತದೆ, ಅದೂ ನನಗಿರಲಿ. ಕರೆಂಟಿನ ಲೈನ್ ಹತ್ತಿರದಲ್ಲಿಲ್ಲದ ಹೊಲ ಒಂದು ನೋಡಿಡು. ವಿಮಾನದ ಉಕ್ಕಿನ ತಂತಿ ಅದಕ್ಕೆ ತಾಗಿದರೆ ಜೀವಕ್ಕೇ ಅಪಾಯ. ಬೆಳಗಿನ ಬಸ್ಸಿಗೆ ಬಂದರೆ ಗಾಳಿ ಎದ್ದಿರುತ್ತದೆ. ಶನಿವಾರ ಸಂಜೆಯೇ ಬರುತ್ತೇನೆ, ಔಡಲೆಣ್ಣೆ ನಾನೇ ತರುತ್ತೇನೆ.