ಇನ್ಸುಲಿನ್ ಪಂಪಿಗೆ ಯಾವ ಸೆಲ್ ಹೆಚ್ಚು ದಿನ ಬರುತ್ತೆ?

ಪ್ರಶ್ನೆ: ಪಂಪು ಮಿನಿಮೆಡ್ 780ಜಿ, ಒಂದು ಎಎ ಸೆಲ್ ಬೇಕು. ಅಲ್ಕಲೈನ್, ಲಿಥಿಯಂ, ರೀಚಾರ್ಜಬಲ್, ಯಾವುದು ಒಳ್ಳೇದು? ಹೊಸ ಸೆಲ್ ಹಾಕಿದ ತಕ್ಷಣವೇ ಚಾರ್ಜ್ ಕಮ್ಮಿ ತೋರಿಸೋದು ಯಾಕೆ?

ಉತ್ತರ 1: ಲಿಥಿಯಂ ತಗೊಳ್ಳಿ. ಮೇಲೆ 1.5 ವೋಲ್ಟ್, ಎಫ್‌ಆರ್6 ಅಂತ ಇರಬೇಕು. ಬಾಳಿಕೆ ಇದಕ್ಕೇ ಜಾಸ್ತಿ. ಆದರೆ ಇದರ ವೋಲ್ಟೇಜ್ ಕೊನೆವರೆಗೂ ಹೆಚ್ಚು ಇಳಿಯದೆ ಆಮೇಲೆ ಒಮ್ಮೆಲೇ ಬೀಳುತ್ತೆ. ಪಂಪಿನ ಪರದೆಯಲ್ಲಿ ಬ್ಯಾಟರಿ ಗುರುತು ತುಂಬಿದ್ದರೂ ನಂಬಿ ಕೂರಬೇಡಿ, ಇನ್ನೊಂದು ಸೆಲ್ ಸದಾ ಜೊತೆಗಿರಲಿ. ಗೋಡೆ ಗಡಿಯಾರಕ್ಕೆ ಹಾಕೋ ಅಗ್ಗದ ಕಾರ್ಬನ್-ಜಿಂಕ್ ಬೇಡವೇ ಬೇಡ.

ಉತ್ತರ 2: 14500 ಅನ್ನೋ 3.7 ವೋಲ್ಟ್ ಸೆಲ್ಲೂ ಎಎ ಅಳತೆಯಲ್ಲೇ ಸಿಗುತ್ತೆ. ದಯವಿಟ್ಟು ಅದನ್ನು ಪಂಪಿಗೆ ಹಾಕಲೇಬೇಡಿ. ರೀಚಾರ್ಜಬಲ್ಲೇ ಬೇಕಿದ್ದರೆ 1.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್, ಅದೂ ಪೂರ್ತಿ ಚಾರ್ಜ್ ಮಾಡಿದ್ದು.

ಉತ್ತರ 3: ಸೆಲ್ ತಣ್ಣಗಿದ್ದರೆ ಚಾರ್ಜ್ ತಪ್ಪಾಗಿ ಕಮ್ಮಿ ಕಾಣುತ್ತೆ. ಫ್ರಿಜ್ಜಲ್ಲಿ ಇನ್ಸುಲಿನ್ ಪಕ್ಕ ಇಟ್ಟಿದ್ದರೆ ಹೊರಗೆ ತೆಗೆದು, ಕೋಣೆಯ ಬಿಸಿಗೆ ಬಂದ ಮೇಲೆ ಹಾಕಿ. ಮೈನಸ್ ತುದಿ ಮೊದಲು ಒಳಗೆ ಹೋಗಬೇಕು. ಮುಚ್ಚಳವನ್ನು ನಾಣ್ಯದಿಂದ ತಿರುಗಿಸಿ. ಅದರ ಸೀಳು ಪಂಪಿನ ಅಂಚಿಗೆ ನೇರವಾದರೆ ಸಾಕು, ಇನ್ನೂ ಬಿಗಿ ಮಾಡಬೇಡಿ. ಹಳೆಯದನ್ನು ತೆಗೆದ 10 ನಿಮಿಷದೊಳಗೆ ಹೊಸದು ಕೂರಲಿ.